ನನ್ನ ಕಾರಿಗೆ ಇನ್ಯಾರೋ ಅಡ್ವಾನ್ಸ್ ತಗೊಂಡ್ರೆ ಬೈಗುಳ ನನಗ್ಯಾಕ್ರೀ?

ಹಾಸನದಲ್ಲಿ ಒಂದು ಹಳೇ ಕಾರನ್ನು ಮರ್ಯಾದೆಯಾಗಿ ಮಾರುವುದು ಇಷ್ಟು ಕಷ್ಟ ಅಂತ ಗೊತ್ತಿದ್ದರೆ ಅದನ್ನು ಶೆಡ್ಡಿನಲ್ಲೇ ಕೋಳಿ ಕೂರುವುದಕ್ಕೆ ಬಿಡುತ್ತಿದ್ದೆ. ಬ್ರೋಕರ್ ಬೇಡ, ಕಮಿಷನ್ ಉಳಿಯುತ್ತದೆ ಅಂತ ನಾನೇ ಫೋಟೋ ತೆಗೆದು ಜಾಹೀರಾತು ಹಾಕಿದೆ. ಕೆಎ 13 ನಂಬರ್, ಒಬ್ಬರೇ ಓನರ್, ಸಾಲ ತೀರಿದೆ, ಆರ್‌ಸಿಯಲ್ಲಿ ಎಚ್‌ಪಿ (ಗಾಡಿ ಮೇಲೆ ಬ್ಯಾಂಕ್ ಸಾಲ ಇದೆ ಅನ್ನುವ ನಮೂದು) ತೆಗೆಸಿದೆ, ಬೆಲೆ 3,20,000. ಎಲ್ಲಾ ಬರೆದಿದ್ದೇನೆ. ಆದರೂ ನಮಸ್ಕಾರ ಇಲ್ಲ, ಏನಿಲ್ಲ, ಮೊದಲ ಮೆಸೇಜೇ 'ಲಾಸ್ಟ್ ಎಷ್ಟು'. ಇರಲಿ, ಅದನ್ನು ಕ್ಷಮಿಸಬಹುದು.

ಕ್ಷಮಿಸಲಾಗದ್ದು ಇನ್ನೊಂದಿದೆ.

ಒಬ್ಬ ಫೋನ್ ಮಾಡಿದ. ಬಹಳ ಮರ್ಯಾದೆಯ ಮಾತು. ಚೌಕಾಸಿಯೇ ಮಾಡಲಿಲ್ಲ, ನಾನು ಹೇಳಿದ ರೇಟಿಗೇ ಸರಿ ಅಂದ. (ನಮ್ಮ ಕಡೆ ಚೌಕಾಸಿ ಮಾಡದೆ ಕಾರು ತಗೊಳ್ಳುವವರು ಯಾರಿದ್ದಾರೆ ಹೇಳಿ!) "ಸರ್, ನಮ್ಮ ಭಾವ ಬಂದು ಗಾಡಿ ನೋಡ್ತಾರೆ. ಅವರಿಂದ ನನಗೆ ಹಳೇ ಬಾಕಿ ಬರಬೇಕು, ಇದರಲ್ಲೇ ಅಡ್ಜಸ್ಟ್ ಮಾಡ್ಕೊತೀನಿ. ಅವರ ಮುಂದೆ ರೇಟ್ ಮಾತ್ರ ಎತ್ತಬೇಡಿ" ಅಂದ. ನನಗೆ ಅಲ್ಲೇ ಹುಳ ಹೊಕ್ಕಿತು. ನನ್ನ ಕಾರಿನ ರೇಟು ನನ್ನ ಮನೆ ಮುಂದೆ ನಾನು ಹೇಳಬಾರದು ಅಂದರೆ ಏನರ್ಥ?

ಬಂದವರು ಅರಸೀಕೆರೆ ಕಡೆಯ ತೆಂಗಿನ ತೋಟದ ಯಜಮಾನರು, ಜೊತೆಗೆ ಅವರ ಮಗ. ಪಾಪದವರು. ಬಾನೆಟ್ ಎತ್ತಿ ನೋಡಿದರು, ಸಾಲಗಾಮೆ ರಸ್ತೆಯಲ್ಲಿ ಒಂದು ರೌಂಡ್ ಹೊಡೆದರು, ಗಾಡಿ ಇಷ್ಟವಾಯಿತು. ನಾನು ನೇರವಾಗಿ ಕೇಳಿಯೇಬಿಟ್ಟೆ: "ಯಜಮಾನ್ರೇ, ಎಷ್ಟಕ್ಕೆ ಮಾತಾಡಿದ್ದೀರಿ?" ಅವರು ಮಗನ ಮುಖ ನೋಡಿದರು. "ಅದೆಲ್ಲ ನಿಮ್ಮ ಅಳಿಯನ ಹತ್ರ ಮಾತಾಗಿದೆಯಲ್ಲ ಸ್ವಾಮಿ, 2,30,000ಕ್ಕೆ." ನನಗೆ ಯಾವ ಅಳಿಯ? ನನ್ನ ಮಗಳು ಇನ್ನೂ ಎಂಟನೇ ಕ್ಲಾಸು!

ಆಗ ಬಿಚ್ಚಿಕೊಂಡಿತು. ಆ ಮಹಾನುಭಾವ ನನ್ನ ಫೋಟೋಗಳನ್ನೇ ಎತ್ತಿಕೊಂಡು ಕಡಿಮೆ ಬೆಲೆಗೆ ತನ್ನದೇ ಜಾಹೀರಾತು ಹಾಕಿದ್ದ. ನನಗೆ ಅವರನ್ನು ಭಾವ ಅಂದ. ಅವರಿಗೆ ನನ್ನನ್ನು ಮಾವ ಅಂದ. ಮಾವನಿಗೆ ಮಾರೋಕೆ ಮನಸ್ಸಿಲ್ಲ, ರೇಟ್ ಕೇಳಿದ್ರೆ ಸಿಟ್ಟಾಗ್ತಾರೆ ಅಂತ ಅವರ ಬಾಯಿಗೂ ಬೀಗ ಹಾಕಿದ್ದ. ಗಾಡಿ ನೋಡಿ ಒಪ್ಪಿದ ಮೇಲೆ ದುಡ್ಡು ಅವನ ಅಕೌಂಟಿಗೆ, ಕಾರು ಕೊಡಬೇಕಾದವನು ನಾನು. ಬೆಳಿಗ್ಗೆಯೇ 20,000 ಅಡ್ವಾನ್ಸ್ ಹೋಗಿತ್ತು. ಇನ್ನು ಅರ್ಧ ಗಂಟೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಉಳಿದದ್ದೂ ಹೋಗುತ್ತಿತ್ತು.

ಅದಕ್ಕೆ ನನಗೆ ಸಿಕ್ಕ ಬಹುಮಾನ ಏನು ಗೊತ್ತಾ? "ನೀನೂ ಅವನೂ ಸೇರ್ಕೊಂಡೇ ಮಾಡಿದ್ದೀರ" ಅಂತ ಆ ಹುಡುಗ ನನ್ನ ಗೇಟಿನ ಮುಂದೆ ನಿಂತು ಕೂಗಾಡಿದ್ದು. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಎದುರು ಮನೆಯವರು ಸೀದಾ ನನ್ನನ್ನೇ ಕೇಳಿದರು, "ಏನ್ ಸಾರ್, ದುಡ್ಡು ವಾಪಸ್ ಕೊಡಬಾರದಾ?" ಯಾವ ದುಡ್ಡು ಮಾರಾಯ! ನನ್ನ ಕೈಗೆ ಒಂದು ರೂಪಾಯಿ ಬಂದಿಲ್ಲ! ಕೊನೆಗೆ ನಾನೇ ಯಜಮಾನರ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಆನ್‌ಲೈನ್ ದುಡ್ಡು ಹೋದಾಗ ಎಷ್ಟು ಬೇಗ ಆ ನಂಬರಿಗೆ ಹೇಳುತ್ತೇವೋ ಅಷ್ಟು, ಕಳ್ಳ ಡ್ರಾ ಮಾಡುವ ಮೊದಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಆಮೇಲೆ ಸ್ಟೇಷನ್ನಿಗೂ ಅವರ ಜೊತೆ ನಾನೇ ಹೋದೆ. ಕಳ್ಳನ ಫೋನು ಅಷ್ಟೊತ್ತಿಗೆ ಸ್ವಿಚ್ ಆಫ್.

ಮುಂದೆ ಕಾರು ನೋಡಲು ಹೋಗುವವರು ದಯವಿಟ್ಟು ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಮುಖ ನೋಡಿ ರೇಟು ಮಾತಾಡಿ. ಅವರ ಅಕೌಂಟಿಗೇ ದುಡ್ಡು ಹಾಕಿ. ಅಡ್ವಾನ್ಸ್ ಕೊಟ್ಟರೆ ಒಂದು ಚೀಟಿ ಬರೆಸಿಕೊಳ್ಳಿ. ಕೇಳಿದರೆ ಅವಮಾನ ಅಂತ ನಮ್ಮೂರಿನ ಜನ ಸಂಕೋಚ ಪಡುತ್ತಾರೆ. ಆ ಸಂಕೋಚದ ಮೇಲೇ ಈ ಕಳ್ಳರ ಹೊಟ್ಟೆ ನಡೆಯುತ್ತಿರುವುದು.

ಇನ್ನೊಬ್ಬ ಮಿಲಿಟರಿಯವನಂತೆ. ಯೂನಿಫಾರ್ಮ್ ಫೋಟೋ, ಐಡಿ ಕಾರ್ಡ್ ಎಲ್ಲಾ ಕಳಿಸಿದ. ಗಾಡಿ ನೋಡುವುದೂ ಬೇಡವಂತೆ, ಒಂದು ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬರುತ್ತೆ" ಅಂದ. ದುಡ್ಡು ಬರುವುದಕ್ಕೆ ಪಿನ್ ಯಾಕಪ್ಪಾ? ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ. ಬೈದು ಇಟ್ಟೆ.

ಎಕ್ಸ್‌ಚೇಂಜ್ ಅಂತ ಬಂದವನದ್ದು ಬೇರೆ ಕಥೆ. ಸಕಲೇಶಪುರ ಕಡೆಯ ಗಾಡಿ, ನಿಮ್ಮ ಕಾರು ಮತ್ತು ಮೇಲೆ 1 ಲಕ್ಷ ಕೊಡಿ ಅಂದ. ಮೀಟರ್ 42,000 ತೋರಿಸುತ್ತಿದೆ, ಬ್ರೇಕ್ ಪೆಡಲ್ಲಿನ ರಬ್ಬರ್ ನೋಡಿದರೆ ಸವೆದು ನುಣ್ಣಗಾಗಿದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯಲ್ಲಿ ಕೆಸರಿನ ಗೆರೆ, ಸೀಟಿನ ಕೆಳಗಿನ ಬೋಲ್ಟೆಲ್ಲ ತುಕ್ಕು. ನೀರಲ್ಲಿ ನಿಂತ ಗಾಡಿ ಅಂತ ಅದೇ ಬಾಯಿಬಿಟ್ಟು ಹೇಳುತ್ತಿದೆ. ಆರ್‌ಸಿ ಕೇಳಿದರೆ ಮೊಬೈಲಲ್ಲಿ ಫೋಟೋ. ನಂಬರ್ ಹಾಕಿ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿದೆ, ಸಾಲ ಇನ್ನೂ ಅದರ ಮೇಲೇ ಇದೆ. ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಎಚ್‌ಪಿ ತೆಗೆಸುವ ಫಾರ್ಮ್ 35 ಇಲ್ಲದೆ ಅದು ಹೋಗುವುದಿಲ್ಲ, ಕಂತು ನಿಂತರೆ ಗಾಡಿ ಎಳೆದುಕೊಂಡು ಹೋಗುವುದು ನಮ್ಮ ಮನೆಯಿಂದ. ಇದನ್ನು ಹೇಳಿದ್ದಕ್ಕೆ "ಏನಣ್ಣ, ಅಷ್ಟೂ ನಂಬಿಕೆ ಇಲ್ವಾ" ಅಂತ ಮುಖ ಊದಿಸಿದ. ಇಲ್ಲಪ್ಪಾ, ಇಲ್ಲ!

ಖಾಲಿ ಫಾರ್ಮಿಗೆ ಸಹಿ ಕೇಳುವವರ ಬಗ್ಗೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣ್ಣಗಾಗುವುದಿಲ್ಲ. ಗಾಡಿ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಡಿ, ಹೆಸರು ಆಮೇಲೆ ತುಂಬ್ಕೊತೀವಿ ಅಂತಾರೆ. ಯಾಕೆ ಅಂದರೆ ತಮ್ಮ ಹೆಸರಿಗೆ ಮಾಡಿಸದೆ ಮತ್ತೊಬ್ಬರಿಗೆ ದಾಟಿಸುವುದಕ್ಕೆ. ಅಲ್ಲಿಯ ತನಕ ಕಾನೂನಿನ ಲೆಕ್ಕದಲ್ಲಿ ಓನರ್ ನಾನೇ. ಕ್ಯಾಮೆರಾ ದಂಡ ನನ್ನ ಫೋನಿಗೆ. ಫಾಸ್ಟ್‌ಟ್ಯಾಗ್ ಬಂದ್ ಮಾಡದಿದ್ದರೆ ಅವರ ಟೋಲೂ ನನ್ನ ಲೆಕ್ಕಕ್ಕೆ. ಗಾಡಿ ಯಾರಿಗಾದರೂ ಗುದ್ದಿದರೆ? ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೂ ಇದೆ. ಅದಕ್ಕೇ ನಾನು ಹಠ ಹಿಡಿದಿರುವುದು, ಕೊಳ್ಳುವವರ ಹೆಸರು, ವಿಳಾಸ ತುಂಬಿದ ಮೇಲೇ ಸಹಿ, ಕೀ ಕೊಟ್ಟ ದಿನಾಂಕ, ಸಮಯ ಬರೆದ ಪತ್ರದ ಮೇಲೆ ಇಬ್ಬರದೂ ರುಜು, ದುಡ್ಡು ಬ್ಯಾಂಕ್ ಮೂಲಕ. ಪೂರ್ತಿ ಕ್ಯಾಶ್ ಕೊಡ್ತೀನಿ ಅಂದವನಿಗೂ ಬೇಡ ಅಂದೆ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಇನ್‌ಕಮ್ ಟ್ಯಾಕ್ಸ್‌ನವರು ಅಷ್ಟೇ ಮೊತ್ತದ ದಂಡ ಹಾಕಬಹುದು.

ಇದಕ್ಕೆ ನಮ್ಮ ಮನೆಯವರೂ "ನೀವು ಹೀಗೆ ಮಾಡಿದ್ರೆ ಯಾರೂ ಬರಲ್ಲ ಬಿಡಿ" ಅನ್ನುತ್ತಾರೆ. ಬರದಿದ್ದರೆ ಬೇಡ. ಜಾಹೀರಾತಿನ ಫೋಟೋಗಳನ್ನೆಲ್ಲ ತೆಗೆದು ಹೊಸದು ಹಾಕಿದ್ದೇನೆ, ಪ್ರತಿ ಫೋಟೋದ ನಡುವೆ ದಪ್ಪ ಅಕ್ಷರದಲ್ಲಿ ಬೆಲೆ 3,20,000, ನನಗೆ ಅಳಿಯ ಇಲ್ಲ ಅಂತ ಬರೆದು.