ಶಾಲು ಹೊದ್ದ ಹೆರಿಗೆ ಕೋಣೆ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗೆ ಹೆರಿಗೆ ಹೊಸದಲ್ಲ. 1906ರಿಂದ 1931ರೊಳಗೆ, ಅಂದರೆ ಇಪ್ಪತ್ತೈದೇ ವರ್ಷಗಳಲ್ಲಿ, ಈ ಜಿಲ್ಲೆ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳನ್ನು ಹೆತ್ತು ಸಾಕಿ ಊರೂರಿಗೆ ಕಳಿಸಿತು. ಅವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳ ಮನೆ ಸೇರಿ ಹೆಸರು ಕಳೆದುಕೊಂಡಿರುವುದು ಬೇರೆ ಮಾತು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಆರಂಭಿಸಿದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಇಸಿದುಕೊಂಡು, ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಎರಡಾಣೆ ಕೊಟ್ಟವರಿಗೆ ಯಾರೂ ಶಾಲು ಹೊದೆಸಲಿಲ್ಲ. ಹಣ ಒಟ್ಟುಮಾಡುವ ವಿದ್ಯೆಯಲ್ಲಿ ಇಷ್ಟು ಪಳಗಿದ ಜಿಲ್ಲೆಗೆ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ಕೋಣೆಗೆ ನಾಲ್ಕು ಸಾಮಾನು ಒದಗಿಸುವುದು ಎಷ್ಟರ ಕೆಲಸ ಎಂದು ನಾನೂ ತಿಳಿದಿದ್ದೆ.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಉಡುಪಿಯಿಂದ ಮೂಡಣಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಎಂದರೆ ಸಾಕು. ಅಲ್ಲಿನ ಸಿಸ್ಟರ್ ತಮಗೆ ಬೇಕಾದುದನ್ನು ಒಂದು ಸಣ್ಣ ಚೀಟಿಯಲ್ಲಿ ಬರೆದು ಕೊಟ್ಟಿದ್ದರು: ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಕೇಳುವ ಡಾಪ್ಲರ್, ಅಂಬು ಬ್ಯಾಗಿಗೆ ಸೊನ್ನೆ ಮತ್ತು ಒಂದನೇ ಅಳತೆಯ ಮಾಸ್ಕು, ಸಕ್ಷನ್ ಯಂತ್ರದ ಟ್ಯೂಬು, ಫ್ರಿಜ್ಜಿಗೆ ಸ್ಟೆಬಿಲೈಸರ್, ಗೋಡೆಗೆ ಇನ್ನೆರಡು ಪ್ಲಗ್ ಪಾಯಿಂಟು ಮತ್ತು ಸರಿಯಾದ ಅರ್ಥಿಂಗ್. ಹುಟ್ಟಿದ ಮಗು ತಾನಾಗಿ ಉಸಿರೆಳೆಯದಿದ್ದರೆ ಒಂದು ನಿಮಿಷದೊಳಗೆ ಅದರ ಮೂಗುಬಾಯಿಗೆ ಆ ಮಾಸ್ಕನ್ನು ಒತ್ತಿ ಹಿಡಿದು ಬ್ಯಾಗಿನಿಂದ ಗಾಳಿ ಕೊಡಬೇಕಾಗುತ್ತದೆ. ಅಳತೆ ಹೊಂದದಿದ್ದರೆ ಗಾಳಿ ಕೆನ್ನೆಯ ಬದಿಯಿಂದ ಸೋರಿಹೋಗುತ್ತದೆ, ನಿಮಿಷವೂ ಹೋಗುತ್ತದೆ. ಮದುವೆಯ ಕಾಲದಲ್ಲಿ ಒಂದು ಅಟ್ಟೆ ಶಂಕರಪುರ ಮಲ್ಲಿಗೆಗೆ ನಾವು ತುಟಿಪಿಟಕ್ಕೆನ್ನದೆ ಕೊಡುವ ದುಡ್ಡಿನಲ್ಲಿ ಇಂಥ ಮಾಸ್ಕು ಕೊಂಡು ಚಿಲ್ಲರೆಯನ್ನೂ ವಾಪಸು ಪಡೆಯಬಹುದು.

ಸಾಮಾನು ಒದಗಿಸಲು ಹೊರಟ ನಮ್ಮ ಸಮಿತಿಯ ಸಭೆಯಲ್ಲಿ ಚೀಟಿಯನ್ನು ಓದಲಾಯಿತು. ಅಧ್ಯಕ್ಷರ ಮುಖ ಸಣ್ಣದಾಯಿತು. "ಸಿಸ್ಟರ್, ಇದೆಲ್ಲ ಚಿಲ್ಲರೆ ಸಾಮಾನಾಯಿತಲ್ಲ, ಒಂದು ದೊಡ್ಡ ಮಿಶಿನ್ ಹೇಳಿ" ಎಂದರು. ಅವರ ಸಂಕಟ ನ್ಯಾಯವಾದದ್ದೇ. ಅಂಗೈಯಲ್ಲಿ ಅಡಗುವ ಮಾಸ್ಕನ್ನು ವೇದಿಕೆಯ ಮೇಲೆ ಹಸ್ತಾಂತರಿಸುವಾಗ ಹನ್ನೊಂದು ಮಂದಿ ಗಣ್ಯರು ಅದನ್ನು ಎಲ್ಲಿ ಮುಟ್ಟಬೇಕು? ಅರ್ಥಿಂಗ್ ತಂತಿಯಂತೂ ಮಣ್ಣಿನೊಳಗೆ ಹೋಗುವಂಥದ್ದು, ಅದಕ್ಕೆ ರಿಬ್ಬನ್ ಕಟ್ಟುವುದೆಲ್ಲಿ, ದಾನಿಗಳ ಹೆಸರು ಬರೆಸುವುದೆಲ್ಲಿ? ಹಾಗಾಗಿ ಎಳೆಮಗುವನ್ನು ಬೆಚ್ಚಗಿಡುವ ವಾರ್ಮರ್ ಎಂದು ತೀರ್ಮಾನವಾಯಿತು. ಅದಕ್ಕೆ ಚಕ್ರಗಳಿವೆ, ಆಳೆತ್ತರವಿದೆ, ಕೆಂಪಗೆ ಹೊಳೆಯುವ ಅಂಕಿಗಳಿವೆ. ಹಿಂದಿನ ಸಾಲಿನವರಿಗೂ ಕಾಣುತ್ತದೆ.

ದಾನಕ್ಕೆ ಹೆಸರು ಅಂಟುವುದನ್ನು ನಾನು ತಪ್ಪೆನ್ನುವವನಲ್ಲ. ಮಂಗಳೂರಿನ ಸರಕಾರಿ ಹೆರಿಗೆ ಆಸ್ಪತ್ರೆ ಮದ್ರಾಸು ಗವರ್ನರರ ಪತ್ನಿ ಲೇಡಿ ಗೋಶನ್ ಅವರ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ. ಉಡುಪಿಯ ಸರಕಾರಿ ತಾಯಿ ಮಕ್ಕಳ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿದ್ದಾರೆ; ಸಾಹೇಬರಾದರೋ ಬ್ಯಾಂಕು ಕಟ್ಟಿದವರು, ಆಸ್ಪತ್ರೆಗೆ ಜಾಗ ಕೊಟ್ಟವರು. ಜಾಗಕ್ಕೊಂದು ಹೆಸರು ಸರಿ. ನಮ್ಮಲ್ಲಿ ಡ್ರಿಪ್ ಸ್ಟ್ಯಾಂಡಿಗೂ ತಂದೆತಾಯಿಯರ ಸ್ಮರಣಾರ್ಥ ಫಲಕ ಬಂದು, ಬಾಟಲಿ ತೂಗಹಾಕುವ ಕೊಕ್ಕೆ ಆ ಫಲಕದ ಹಿಂದೆ ಮರೆಯಾಗಿದೆ.

ನಿಧಿ ಸಂಗ್ರಹಕ್ಕೆ ಒಂದು ರಾತ್ರಿಯ ಯಕ್ಷಗಾನ ಬಯಲಾಟ, ಎರಡು ದಿನದ ಅಂಡರ್‌ಆರ್ಮ್ ಕ್ರಿಕೆಟ್, ಜತೆಗೆ ಲಕ್ಕಿ ಡಿಪ್ ನಡೆದವು. ಕಟಪಾಡಿ ಕಡೆಯ ಕಟ್ಟಡ ಕಾರ್ಮಿಕರೊಬ್ಬರು ಕೃಷ್ಣಾಷ್ಟಮಿಗೆ ವೇಷ ಹಾಕಿ, ಒಟ್ಟಾದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿದ್ದಾರೆ. ಅವರಿಗೆ ಬಣ್ಣ ಮತ್ತು ಡಬ್ಬಿ ಸಾಕಾಗುತ್ತದೆ, ಹಬ್ಬ ಮುಗಿದ ಮೇಲೆ ವೇಷ ಕಳಚಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಸಮಿತಿಗೆ ಹಾಗಾಗುವುದಿಲ್ಲ. ಆಮಂತ್ರಣ ಪತ್ರಿಕೆಯೇ ನಾಲ್ಕು ಮಡಿಕೆಯದ್ದಾಗಿತ್ತು. ಮುಂಬಯಿ ಘಟಕ, ಗಲ್ಫ್ ಘಟಕ, ಮಹಿಳಾ ಘಟಕ, ಯುವ ಘಟಕಗಳ ಪದಾಧಿಕಾರಿಗಳೆಲ್ಲ ಭಾವಚಿತ್ರ ಸಮೇತ ಅದರಲ್ಲಿ ನಗುತ್ತಿದ್ದರು. ಹೆರಿಗೆ ಎಂಬ ಪದ ಕೊನೆಯ ಮಡಿಕೆಯಲ್ಲಿ, ಊಟದ ವ್ಯವಸ್ಥೆಯ ಸೂಚನೆಯ ಮೇಲುಗಡೆ ಒಮ್ಮೆ ಕಾಣಿಸಿಕೊಂಡಿತ್ತು.

ಹಸ್ತಾಂತರದ ದಿನ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಮೈಕಿಗೆ ಕರೆಂಟು ಎಲ್ಲಿಂದ ಎಂದು ಹುಡುಕಿದಾಗ ನಂಬಿಕೆಗೆ ತಕ್ಕ ಪ್ಲಗ್ಗು ಒಂದೇ ಸಿಕ್ಕಿತು. ಅದು ಹೆರಿಗೆ ಕೋಣೆಯ ಫ್ರಿಜ್ಜಿನದು. ಸೌಂಡ್ಸಿನ ಹುಡುಗ ಅದನ್ನು ಕಿತ್ತು ತನ್ನ ವಯರು ಚುಚ್ಚಿದ. ಫ್ರಿಜ್ಜಿನಲ್ಲಿದ್ದದ್ದು ಆಕ್ಸಿಟೋಸಿನ್, ಹೆರಿಗೆಯಾದ ತಾಯಿಗೆ ರಕ್ತಸ್ರಾವವಾಗದಂತೆ ಕೊಡುವ ಚುಚ್ಚುಮದ್ದು, 2ರಿಂದ 8 ಡಿಗ್ರಿಯೊಳಗೆ ಇರಿಸಬೇಕಾದದ್ದು. ಸಿಸ್ಟರ್ ಓಡಿಹೋಗಿ ಆ ಆಂಪೂಲುಗಳನ್ನೆಲ್ಲ ಐಸ್‌ಪ್ಯಾಕಿನೊಂದಿಗೆ ಲಸಿಕೆ ಒಯ್ಯುವ ನೀಲಿ ಡಬ್ಬಿಗೆ ತುಂಬಿ, ಬೇರೆ ಯಾರನ್ನೂ ನಂಬದೆ, ಅದನ್ನು ಮಡಿಲಲ್ಲಿಟ್ಟುಕೊಂಡೇ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕುಳಿತರು. ಸನ್ಮಾನದ ಹೊತ್ತಿಗೆ ಅವರಿಗೂ ಡಬ್ಬಿಗೂ ಸೇರಿಸಿ ಒಂದು ಶಾಲು ಹೊದೆಸಿ, ಮೇಲೆ ಹಣ್ಣಿನ ಬುಟ್ಟಿ ಇರಿಸಿದರು. ಆ ದಿನದ ಸನ್ಮಾನಿತರಲ್ಲಿ ಅರ್ಹತೆ ಇದ್ದದ್ದು ಆ ಡಬ್ಬಿಗೆ ಎಂಬುದು ನನ್ನ ಅಭಿಪ್ರಾಯ.

ಪ್ರಾಸ್ತಾವಿಕ, ಆಶೀರ್ವಚನ, ಶುಭಾಶಂಸನೆ ಎಲ್ಲ ಕ್ರಮವಾಗಿ ನಡೆದವು. ಬಾಗಿಲಿನಷ್ಟು ಅಗಲದ ಚೆಕ್ಕು ಬಂತು, ಫೋಟೋ ಆಯಿತು, ಒಳಗೊಯ್ಯಲು ಹೋದಾಗ ಅದು ಬಾಗಿಲಲ್ಲಿ ಸಿಕ್ಕಿಕೊಂಡು ಹೊರಗೇ ಉಳಿಯಿತು. ಮುಖ್ಯ ಅತಿಥಿಗಳು ಮಾತೃತ್ವದ ಮಹಿಮೆಯನ್ನು ಮುಕ್ಕಾಲು ಗಂಟೆ ವಿವರಿಸುತ್ತಿರುವಾಗ ಬಸುರಿಯೊಬ್ಬಳನ್ನು ಹೊತ್ತ ರಿಕ್ಷಾ ಗೇಟಿನ ಬಳಿ ಬಂದು ನಿಂತಿತು. ಅಂಗಳದ ತುಂಬ ಕುರ್ಚಿಗಳಿದ್ದವು. "ಯಾರೂ ಏಳಬಾರದು, ಇನ್ನು ಲಕ್ಕಿ ಡಿಪ್ ಇದೆ" ಎಂದು ನಿರೂಪಕರು ಎರಡು ಸಲ ವಿನಂತಿಸಿದರು. ಸಿಸ್ಟರ್ ಶಾಲನ್ನು ಕುರ್ಚಿಗೆ ಬಿಟ್ಟು, ಡಬ್ಬಿ ಹಿಡಿದು, ಹಿಂದಿನಿಂದ ಇಳಿದುಹೋದರು. ಧನ್ಯವಾದ ಸಮರ್ಪಣೆ ಮುಗಿಯುವುದರೊಳಗೆ ಮಗು ಹುಟ್ಟಿತು, ಪುಣ್ಯಕ್ಕೆ ತಾನಾಗಿಯೇ ಅತ್ತಿತು. ಅದನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ಬೆಚ್ಚಗೆ ಹೊದೆಸಿದರು. ವಾರ್ಮರ್ ಇನ್ನೂ ವೇದಿಕೆಯ ಮೇಲೆ, ಫೋಟೋ ತೆಗೆಸಿಕೊಳ್ಳುವವರ ನಡುವೆ ಇತ್ತು.

ಈಗ ಅದು ಹೆರಿಗೆ ಕೋಣೆಯ ಮೂಲೆ ಸೇರಿದೆ, ರಿಬ್ಬನ್ನಿನ ಸಮೇತ. ಅದನ್ನು ಹಚ್ಚಬೇಕಾದರೆ ಫ್ರಿಜ್ಜಿನ ಪ್ಲಗ್ಗು ಕೀಳಬೇಕು, ಫ್ರಿಜ್ಜು ನಡೆಯಬೇಕಾದರೆ ಅದು ಸುಮ್ಮನಿರಬೇಕು. ತಾಯಿಯ ಮದ್ದೋ ಮಗುವಿನ ಬಿಸಿಯೋ ಎಂಬ ಆಯ್ಕೆಯನ್ನು ಸಮಿತಿಯು ಸಿಸ್ಟರರ ವಿವೇಚನೆಗೆ ಬಿಟ್ಟಿದೆ. ಖರ್ಚು ಕಳೆದು ಉಳಿದ ಹಣದಲ್ಲಿ ಪ್ಲಗ್ ಪಾಯಿಂಟು ಹಾಕಿಸಬಹುದಿತ್ತಲ್ಲ ಎಂದು ಕೋಶಾಧಿಕಾರಿಗಳನ್ನು ಕೇಳಿದೆ. ಸ್ಮರಣಿಕೆಗಳ ಬಿಲ್ಲು ಇನ್ನೂ ಬಾಕಿ ಇದೆ ಎಂದರು.

ಲಕ್ಕಿ ಡಿಪ್ಪಿನ ಮೊದಲ ಬಹುಮಾನ ಫ್ರಿಜ್ಜು. ಅದು ಮುಂಬಯಿ ಘಟಕದವರೊಬ್ಬರ ಪಾಲಾಯಿತು. ಒತ್ತಾಯಕ್ಕೆ ಒಂದು ಕೂಪನ್ ಕೊಂಡಿದ್ದ ಸಿಸ್ಟರರಿಗೆ ಸಮಾಧಾನಕರ ಬಹುಮಾನವಾಗಿ ಎಮರ್ಜೆನ್ಸಿ ಲ್ಯಾಂಪ್ ಬಂತು. ಮಳೆಗೆ ಕರೆಂಟು ಹೋದ ರಾತ್ರಿಗಳಲ್ಲಿ ಹೆರಿಗೆಗಳು ಈಗ ಅದರ ಬೆಳಕಿನಲ್ಲೇ ಆಗುತ್ತಿವೆ. ಅದರ ಮೇಲೆ ಯಾರ ಹೆಸರೂ ಇಲ್ಲದಿರುವುದು ಸಮಿತಿಯ ಗಮನಕ್ಕೆ ಬಂದಿದ್ದು, ಬರುವ ಭಾನುವಾರ ಸ್ಟಿಕ್ಕರ್ ಅಂಟಿಸಲು ಐದು ಮಂದಿ ಬರುವವರಿದ್ದಾರಂತೆ.