ನಿಶಿ-ಕಸಾಯ್‌ನಲ್ಲಿ ಎಂಟು ರಾತ್ರಿ

2024ರ ನವೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಟೋಕಿಯೊಗೆ ಹೋಗಿಬಂದೆ. ಎಂಟು ರಾತ್ರಿಯೂ ನಾವು ಉಳಿದದ್ದು ನಗರದ ಪೂರ್ವ ಅಂಚಿನ ಎದೊಗಾವಾ ವಾರ್ಡಿಗೆ ಸೇರಿದ ನಿಶಿ-ಕಸಾಯ್ ಎಂಬ ಬಡಾವಣೆಯಲ್ಲಿ, ಮೆಟ್ರೊ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಸಾಧಾರಣ ಬಿಸಿನೆಸ್ ಹೋಟೆಲಿನಲ್ಲಿ. ಮರಳಿ ಬಂದ ವಾರದಲ್ಲೇ ದೊಡ್ಡಪ್ಪನ ಮಗ ಫೋನು ಮಾಡಿ, "ಅಲ್ಲ ಕಣೇ, ಅಷ್ಟು ಖರ್ಚು ಮಾಡಿಕೊಂಡು ಹೋಗಿ ಊರಾಚೆ ಯಾಕೆ ಉಳಿದುಕೊಂಡ್ರಿ? ಚಿಕ್ಕಮ್ಮನಿಗೆ ಓಡಾಟ ಕಷ್ಟ ಆಗಲಿಲ್ವಾ?" ಎಂದು ಕೇಳಿದ. ಹೊರಡುವ ಮೊದಲು ನಾವು ವಿಚಾರಿಸಿದ್ದ ಬೆಂಗಳೂರಿನ ಪ್ರವಾಸ ಸಂಸ್ಥೆಯವರೂ ನಗರದ ಪ್ರಸಿದ್ಧ ಪೇಟೆಯಾದ ಶಿಂಜುಕು ಬಿಟ್ಟು ಬೇರೆಡೆ ಉಳಿದರೆ ದಿನವೆಲ್ಲ ರೈಲಿನಲ್ಲೇ ಕಳೆದುಹೋಗುತ್ತದೆ ಎಂದು ಹೆದರಿಸಿದ್ದರು. ಅಣ್ಣನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದಾರೆ.

ಮೊದಲು ದುಡ್ಡಿನ ಮಾತು. ನಮ್ಮ ಕೋಣೆಗೆ ಇಬ್ಬರಿಗೂ ಬೆಳಗಿನ ಉಪಾಹಾರ ಸೇರಿ ದಿನಕ್ಕೆ 11,400 ಯೆನ್ ಆಯಿತು. ಅದೇ ದಿನಗಳಿಗೆ ಶಿಂಜುಕುವಿನಲ್ಲಿ ಅಷ್ಟೇ ಅಳತೆಯ ಕೋಣೆಗೆ ನನಗೆ ಸಿಕ್ಕಿದ್ದ ಅತಿ ಕಡಿಮೆ ದರ 27,000 ಯೆನ್. ಯೆನ್ ಕುಸಿದಿದ್ದರಿಂದ ಆ ವರ್ಷ ಜಪಾನಿಗೆ ಹೊರನಾಡಿನವರು ಎಂದಿಲ್ಲದಷ್ಟು ಸಂಖ್ಯೆಯಲ್ಲಿ, ಮೂರು ಕೋಟಿ ಅರವತ್ತೆಂಟು ಲಕ್ಷಕ್ಕೂ ಮಿಕ್ಕಿ ಬಂದಿದ್ದರು. ಅವರಲ್ಲಿ ಬಹಳಷ್ಟು ಜನ ಅದೇ ನಾಲ್ಕೈದು ಪ್ರಸಿದ್ಧ ಪೇಟೆಗಳಲ್ಲಿ ಕೋಣೆ ಹುಡುಕುವುದರಿಂದ ಅಲ್ಲಿನ ದರ ಹಾಗೆ ಏರುತ್ತದೆ. ಟೋಕಿಯೊ ಆಡಳಿತ 2002ರಿಂದ ವಸೂಲು ಮಾಡುತ್ತಿರುವ ವಸತಿ ತೆರಿಗೆ ಕೂಡ ಆಗ ತಲೆಗೆ ದಿನಕ್ಕೆ 10,000 ಯೆನ್‌ಗಿಂತ ಕಡಿಮೆ ಕೊಡುವವರಿಗೆ ಅನ್ವಯಿಸುತ್ತಿರಲಿಲ್ಲ. ಎಂಟು ರಾತ್ರಿಗಳ ವ್ಯತ್ಯಾಸ 1,24,800 ಯೆನ್. ನಿಶಿ-ಕಸಾಯ್‌ನಿಂದ ನಗರದ ನಡುವಿನ ಓತೆಮಾಚಿಗೆ ಒಬ್ಬರಿಗೆ 210 ಯೆನ್ ಟಿಕೆಟ್ ಎಂದು ಹಿಡಿದು, ಇಬ್ಬರೂ ದಿನವೂ ಹೋಗಿಬರುವ ಖರ್ಚನ್ನು ಕಳೆದರೂ ಆಗಿನ ದರದಲ್ಲಿ ಸುಮಾರು ಅರವತ್ತೈದು ಸಾವಿರ ರೂಪಾಯಿ ಉಳಿಯಿತು. ಅಮ್ಮನ ವಿಮಾನದ ಟಿಕೆಟ್ಟು ಹುಟ್ಟಿದ್ದು ಈ ಹಣದಲ್ಲಿ. ನಗರದ ನಡುವೆಯೇ ಉಳಿಯಬೇಕೆಂದು ನಾನು ಹಟ ಹಿಡಿದಿದ್ದರೆ ಒಬ್ಬಳೇ ಹೋಗಬೇಕಾಗಿತ್ತು.

ಇನ್ನು ದೂರದ ಮಾತು. ಟೋಕಿಯೊಗೆ ಒಂದೇ ಒಂದು ನಡುಭಾಗವಿದೆ ಎಂದುಕೊಂಡು ನಾವು ಯೋಜನೆ ಹಾಕುವುದೇ ತಪ್ಪು. ನಡುವಿನಲ್ಲಿ ಅರಮನೆಯಿದೆ, ಅದರ ಪಕ್ಕದಲ್ಲಿ ಬ್ಯಾಂಕು ಕಚೇರಿಗಳ ಓತೆಮಾಚಿ ಇದೆ. ಶಿಂಜುಕು ಅಲ್ಲಿಂದ ಪಶ್ಚಿಮಕ್ಕೆ, ಅಸಾಕುಸಾ ಈಶಾನ್ಯಕ್ಕೆ, ಶಿಬುಯಾ ನೈಋತ್ಯಕ್ಕೆ. ನಿಶಿ-ಕಸಾಯ್‌ನಲ್ಲಿ ತೋಜಾಯ್ ಮಾರ್ಗದ ರೈಲು ಹತ್ತಿದರೆ ಏಳನೆಯ ನಿಲ್ದಾಣವೇ ಓತೆಮಾಚಿ, ಇಪ್ಪತ್ತು ನಿಮಿಷ ಕೂಡ ಹಿಡಿಯುವುದಿಲ್ಲ. ಅದಕ್ಕಿಂತ ಒಂದು ನಿಲ್ದಾಣ ಮೊದಲು ನಿಹೋಂಬಾಶಿಯಲ್ಲಿ ಇಳಿದು ಗಿಂಜಾ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಅಸಾಕುಸಾದ ದೇವಾಲಯದ ಬಾಗಿಲಿನಲ್ಲಿರುತ್ತೇವೆ. ಶಿಂಜುಕುವಿನಲ್ಲಿ ಉಳಿದವರಿಗೂ ಅಲ್ಲಿಗೆ ಅಷ್ಟೇ ಹೊತ್ತು ಬೇಕು. ಶಿಬುಯಾ, ಹರಾಜುಕುಗಳಿಗೆ ಹೋಗುವಾಗ ಮಾತ್ರ ನಮಗೆ ಹೆಚ್ಚು ಸಮಯವಾಯಿತು. ಅಮ್ಮನಿಗೆ ಆ ಕಡೆ ಒಂದು ದಿನ ಸಾಕಾಗಿತ್ತು.

ಕೋಣೆಯ ವಿಷಯ. ಹದಿನಾರು ಚದರ ಮೀಟರು, ನಮ್ಮ ಲೆಕ್ಕದಲ್ಲಿ 170 ಚದರಡಿ ಚಿಲ್ಲರೆ. ಎರಡು ಮಂಚಗಳ ನಡುವೆ ಒಬ್ಬರು ನಿಲ್ಲಬಹುದು, ಎರಡು ಸೂಟ್‌ಕೇಸುಗಳನ್ನು ಒಟ್ಟಿಗೆ ತೆರೆದಿಡಲು ಆಗುವುದಿಲ್ಲ. ಒಂದನ್ನು ಮಂಚದ ಕೆಳಗೆ ತಳ್ಳಿ ಇನ್ನೊಂದನ್ನು ತೆಗೆಯಬೇಕು. ಸ್ನಾನದ ಮನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ, ತೊಟ್ಟಿ, ಕೈತೊಳೆಯುವ ಬೇಸಿನ್ನು, ಕಮೋಡು ಎಲ್ಲವೂ ಸೇರಿದ ಪೆಟ್ಟಿಗೆಯ ಹಾಗಿತ್ತು. ಜಪಾನಿನಲ್ಲಿ ಇದಕ್ಕೆ 'ಯುನಿಟ್ ಬಾತ್' ಎನ್ನುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ಹೋಟೆಲ್ ನ್ಯೂ ಓತಾನಿಯ ಸಾವಿರಕ್ಕೂ ಹೆಚ್ಚು ಕೋಣೆಗಳನ್ನು ಗಡುವಿನೊಳಗೆ ಮುಗಿಸಬೇಕಾಗಿ ಬಂದಾಗ ತೋತೊ ಕಂಪನಿ ಸ್ನಾನದ ಮನೆಗಳ ಭಾಗಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸಿತು, ಮುಂದೆ ಅದೇ ಉಪಾಯ ದೇಶದ ಸಾಮಾನ್ಯ ಹೋಟೆಲುಗಳಿಗೂ ಮನೆಗಳಿಗೂ ಹರಡಿತು. ಐಷಾರಾಮಿ ಹೋಟೆಲಿಗಾಗಿ ಹುಟ್ಟಿದ್ದು ಈಗ ಕಡಿಮೆ ದರದ ಕೋಣೆಯನ್ನು ಸಾಧ್ಯವಾಗಿಸಿದೆ. ಆದರೆ ವಯಸ್ಸಾದವರಿಗೆ ಇದರಲ್ಲಿ ಒಂದು ನಿಜವಾದ ತೊಂದರೆ ಇದೆ: ಬಾಗಿಲಲ್ಲೇ ಒಂದು ಎತ್ತರದ ಮೆಟ್ಟಿಲು, ಆಮೇಲೆ ಸ್ನಾನಕ್ಕೆ ತೊಟ್ಟಿಯ ಅಂಚನ್ನು ದಾಟಿ ಇಳಿಯಬೇಕು. ಮೊದಲ ರಾತ್ರಿ ಅಮ್ಮ ನನ್ನ ಭುಜ ಹಿಡಿದೇ ಇಳಿದರು. ಮರುದಿನ ಕೌಂಟರಿನ ಹೆಣ್ಣುಮಗಳಿಗೆ ಮೊಬೈಲಿನ ಅನುವಾದದ ಮೂಲಕ ತಿಳಿಸಿದಾಗ ಆಕೆ ಒಳಗೆ ಹೋಗಿ ಪ್ಲಾಸ್ಟಿಕ್ಕಿನ ಒಂದು ಗಿಡ್ಡ ಸ್ಟೂಲನ್ನೂ ಜಾರದ ರಬ್ಬರಿನ ಹಾಸನ್ನೂ ತಂದುಕೊಟ್ಟು, ಎರಡನ್ನೂ ಹೇಗೆ ಇಡಬೇಕೆಂದು ನೆಲದ ಮೇಲೆ ಮೊಣಕಾಲೂರಿ ತೋರಿಸಿದಳು. ಮಂಡಿನೋವು ಇರುವವರು ಕೋಣೆ ಕಾಯ್ದಿರಿಸುವಾಗಲೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಉಪಾಹಾರದಲ್ಲಿ ಅನ್ನದ ಉಂಡೆ, ಬ್ರೆಡ್ಡು, ಸಲಾಡು, ಹುದುಗಿಸಿದ ಸೋಯಾ ಮುದ್ದೆಯಿಂದ ಮಾಡುವ ಮಿಸೊ ಸಾರು ಇರುತ್ತಿತ್ತು. ಸಾರಿನಲ್ಲಿ ತರಕಾರಿ ಮಾತ್ರ ಕಂಡರೂ ಅದರ ಮೂಲ ರಸವನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆದಿರುತ್ತಾರೆ, ಆದ್ದರಿಂದ ಸಸ್ಯಾಹಾರಿಗಳು ಅದನ್ನು ಬಿಡಬೇಕು. ಉಪ್ಪಿನಲ್ಲಿ ಹಾಕಿದ ಉಮೆಬೊಶಿ ಹಣ್ಣನ್ನು ಒಳಗಿಟ್ಟ ಅನ್ನದ ಉಂಡೆ ಅಮ್ಮನಿಗೆ ಹಿಡಿಸಿತು. ಮೊದಲ ತುತ್ತಿಗೇ "ಇದು ನಮ್ಮ ಹಳೇ ನಿಂಬೆಕಾಯಿ ಉಪ್ಪಿನಕಾಯಿ ಥರಾನೇ ಇದೆ ನೋಡೇ" ಎಂದರು. ಸಂಜೆ ಹೊತ್ತು ಬಡಾವಣೆಯ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಅಲ್ಲಿ ಕಟ್ಟುಕಟ್ಟಾಗಿ ಜೋಡಿಸಿಟ್ಟಿದ್ದ ಕೊಮಾತ್ಸುನಾ ಎಂಬ ಸೊಪ್ಪಿಗೆ ಆ ಹೆಸರು ಬಂದದ್ದೇ ಇದೇ ವಾರ್ಡಿನ ಕೊಮಾತ್ಸುಗಾವಾ ಎಂಬ ಊರಿನಿಂದ. ಬೇಯಿಸಿ ತಣಿಸಿದ ಆ ಸೊಪ್ಪಿನ ಪೊಟ್ಟಣ ತಂದು, ಊರಿನಿಂದ ಒಯ್ದಿದ್ದ ಚಟ್ನಿಪುಡಿ ಕಲಸಿಕೊಂಡು ಎರಡು ರಾತ್ರಿ ಊಟ ಮಾಡಿದೆವು. ಕೋಣೆಯಲ್ಲಿರುವ ಕೆಟಲಿನಲ್ಲಿ ನೀರು ಬಿಟ್ಟು ಬೇರೇನನ್ನೂ ಕುದಿಸಬೇಡಿ ಎಂದು ನಮ್ಮವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ನಾಳೆ ಅದರಲ್ಲಿ ಇನ್ನೊಬ್ಬರು ಚಹಾಕ್ಕೆ ನೀರು ಕಾಯಿಸುತ್ತಾರೆ.

ನಾನು ಈ ಬಡಾವಣೆಯನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಿಶಿ-ಕಸಾಯ್ ಟೋಕಿಯೊದ ಭಾರತೀಯರ ನೆಲೆ. 1970ರ ದಶಕದ ಕೊನೆಯಲ್ಲಿ ಚಹಾ ವ್ಯಾಪಾರಿ ಜಗಮೋಹನ್ ಚಂದ್ರಾಣಿ ಇಲ್ಲಿಗೆ ಬಂದು ನೆಲೆಸಿದಾಗ ರೈಲು ನಿಲ್ದಾಣ ಆಗಷ್ಟೇ ತಲೆಯೆತ್ತುತ್ತಿತ್ತು, ಅದು ತೆರೆದದ್ದು 1979ರಲ್ಲಿ. 2000ನೇ ಇಸವಿಯ ಗಣಕ ದೋಷವನ್ನು ಸರಿಪಡಿಸಲು ಭಾರತದ ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಬಂದಾಗ ಅವರ ಕಚೇರಿಗಳು ಇದೇ ತೋಜಾಯ್ ಮಾರ್ಗದ ಓತೆಮಾಚಿ, ಕಯಾಬಾಚೊಗಳಲ್ಲಿದ್ದವು. ಸರ್ಕಾರಿ ವಸತಿ ಸಂಸ್ಥೆಯ ಫ್ಲಾಟುಗಳಿಗೆ ಜಪಾನಿ ಜಾಮೀನುದಾರ ಬೇಕಿರಲಿಲ್ಲವಾದ್ದರಿಂದ ವಿದೇಶಿಯರಿಗೂ ಇಲ್ಲಿ ಬಾಡಿಗೆಗೆ ಮನೆ ಸಿಕ್ಕಿತು. ಮುಂದೆ 2019ರಲ್ಲಿ ಇದೇ ಎದೊಗಾವಾ ವಾರ್ಡಿನ ಸಭೆಗೆ ಭಾರತ ಮೂಲದ ಯೋಗೇಂದ್ರ ಪುರಾಣಿಕ್ ಚುನಾಯಿತರಾದರು. ಒಂದು ಸಂಜೆ ಭಾರತೀಯ ದಿನಸಿ ಅಂಗಡಿಯೊಂದರಲ್ಲಿ ಅಮ್ಮ ತೊಗರಿಬೇಳೆಯ ಬೆಲೆ ನೋಡಿ ನನ್ನೊಡನೆ ಏನೋ ಹೇಳುತ್ತಿದ್ದಾಗ ಹಿಂದಿನಿಂದ, "ಅಮ್ಮಾರ, ಯಾವೂರ್ರೀ ನಿಮ್ದು?" ಎಂಬ ದನಿ ಕೇಳಿಸಿತು. ಹುಬ್ಬಳ್ಳಿ ಕಡೆಯವರು, ಓತೆಮಾಚಿಯ ಬ್ಯಾಂಕೊಂದರಲ್ಲಿ ಕೆಲಸ, ಬಂದು ಹನ್ನೊಂದು ವರ್ಷವಾಯಿತಂತೆ. ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ಮಾತನಾಡಿದೆವು.

ದಿನವೂ ರೈಲಿನಲ್ಲಿ ದಾಟುತ್ತಿದ್ದ ಅಗಲವಾದ ನದಿಯ ಕಥೆ ತಿಳಿದದ್ದು ಅವರಿಂದ. ಸುರಂಗದಲ್ಲಿ ಬರುವ ತೋಜಾಯ್ ರೈಲು ಮಿನಾಮಿ-ಸುನಾಮಾಚಿಯ ನಂತರ ಮೇಲಕ್ಕೆ ಬಂದು ಒಂದು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ಓಡುತ್ತದೆ. ಆ ಬೆಳಕಿಗಾಗಿ ಅಮ್ಮ ಪ್ರತಿ ಸಲ ಕಿಟಕಿಯ ಕಡೆಗೇ ತಿರುಗಿ ಕೂರುತ್ತಿದ್ದರು. ಕೆಳಗಿರುವ ಅರಾಕಾವಾ ಅಲ್ಲಿ ತಾನಾಗಿ ಹರಿದು ಬಂದ ನದಿಯಲ್ಲ. 1910ರ ಮಹಾಪ್ರವಾಹ ಟೋಕಿಯೊವನ್ನು ಮುಳುಗಿಸಿದ ಮೇಲೆ ನೀರನ್ನು ನಗರದ ಹೊರಗೆ ಹಾಯಿಸಲೆಂದು ಜನ ಅಗೆದ ಕಾಲುವೆ ಅದು, ಉದ್ದ 22 ಕಿಲೋಮೀಟರು, ಕೆಲಸ ಪೂರ್ತಿಯಾದದ್ದು 1930ರಲ್ಲಿ. ಪನಾಮಾ ಕಾಲುವೆಯಲ್ಲಿ ದುಡಿದು ಬಂದಿದ್ದ ಅಕಿರಾ ಅಓಯಾಮಾ ಎಂಬ ಎಂಜಿನಿಯರು ಅದರ ಮುಂದಾಳುಗಳಲ್ಲೊಬ್ಬರು. ನದಿಯ ಈಚೆಗಿರುವ ಎದೊಗಾವಾ ವಾರ್ಡಿನ ನೆಲದಲ್ಲಿ ಸುಮಾರು ಶೇಕಡಾ 70 ಭಾಗ ಭರತದ ಕಾಲದ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. 2019ರಲ್ಲಿ ವಾರ್ಡಿನ ಆಡಳಿತ ಮನೆಮನೆಗೆ ಹಂಚಿದ ಪ್ರವಾಹದ ಕೈಪಿಡಿಯಲ್ಲಿ "ಇಲ್ಲಿ ಇರಬಾರದು" ಎಂದೇ ಅಚ್ಚುಹಾಕಿಸಿತ್ತು. "ನೀರು ಬರೂ ಮೊದ್ಲ ಬಿಟ್ಟು ಹೋಗ್ರಿ ಅಂತ ಬರದಾರ್ರಿ, ಸುಳ್ಳು ಹೇಳಿಲ್ಲ ನೋಡ್ರಿ ನಮಗ" ಎಂದು ಅವರು ಅಮ್ಮನಿಗೆ ವಿವರಿಸಿದರು. ಅಗ್ಗದ ಕೋಣೆಯ ಜೊತೆಗೆ ನಾನು ತಿಳಿದುಕೊಂಡಿರಬೇಕಾಗಿದ್ದ ವಿಷಯ ಇದು. ಚಂಡಮಾರುತದ ತಿಂಗಳುಗಳಾದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗುವವರು ಈ ಭಾಗದಲ್ಲಿ ಉಳಿಯುವುದಾದರೆ ಹವಾಮಾನದ ಎಚ್ಚರಿಕೆಗಳನ್ನು ದಿನವೂ ನೋಡಲೇಬೇಕು.

ಐದನೆಯ ದಿನ ಅಮ್ಮ ಇವತ್ತು ಎಲ್ಲಿಗೂ ಬೇಡ ಎಂದರು. ಉತ್ತರಕ್ಕೆ ಹದಿನೈದು ನಿಮಿಷ ನಡೆದು ಗ್ಯೋಸೆನ್ ಉದ್ಯಾನಕ್ಕೆ ಹೋದೆವು. ಅಲ್ಲಿ ವಾರ್ಡಿನವರೇ ನಡೆಸುವ ಚಿಕ್ಕ ಮೃಗಾಲಯವಿದೆ, ಪ್ರವೇಶಕ್ಕೆ ದುಡ್ಡಿಲ್ಲ, ಸೋಮವಾರ ರಜೆ. ಶಿಶುವಿಹಾರದ ಇಬ್ಬರು ಶಿಕ್ಷಕಿಯರು ಕಟಕಟೆಯಿರುವ ತಳ್ಳುಗಾಡಿಯಲ್ಲಿ ಆರು ಪುಟ್ಟ ಮಕ್ಕಳನ್ನು ನಿಲ್ಲಿಸಿಕೊಂಡು ಬಂದಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೋಪಿ, ಗದ್ದದ ಕೆಳಗೆ ಎಲಾಸ್ಟಿಕ್ಕು. ಪೆಂಗ್ವಿನ್ನುಗಳ ಕೊಳದ ಮುಂದೆ ಗಾಡಿ ನಿಂತಾಗ ಒಂದು ಮಗು ಕಟಕಟೆಯ ಮೇಲಿಂದ ಕೈ ಚಾಚಿ ಅಮ್ಮನ ಸೀರೆಯ ಸೆರಗಿನ ಅಂಚನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಶಿಕ್ಷಕಿ ತಲೆಬಾಗಿಸಿ ಕ್ಷಮೆ ಕೇಳುತ್ತಿದ್ದರೆ, ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಅಮ್ಮ ಕನ್ನಡದಲ್ಲೇ "ಇರಲಿ ಬಿಡಮ್ಮಾ, ಹಿಡ್ಕೊಳ್ಳಲಿ" ಎನ್ನುತ್ತ ಮಗು ಬೇಜಾರಾಗಿ ಬಿಡುವ ತನಕ ಅಲ್ಲೇ ಬಾಗಿ ನಿಂತರು. ಪ್ರವಾಸದಲ್ಲಿ ಏನು ನೋಡಿದಿರಿ ಎಂದು ಯಾರು ಕೇಳಿದರೂ ಅಮ್ಮ ಈಗ ಮೊದಲು ಹೇಳುವುದು ಇದನ್ನೇ. ಸಂಜೆ ಬಸ್ಸಿನಲ್ಲಿ ಕಸಾಯ್‌ನ ಕಡಲತೀರಕ್ಕೆ ಹೋದೆವು. ಅಲ್ಲಿನ ಕೆಸರು ದಂಡೆಗಳು ವಲಸೆ ಹಕ್ಕಿಗಳಿಗಾಗಿ 2018ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿವೆ. ನಾಲ್ಕೂವರೆಗೇ ಸೂರ್ಯ ಮುಳುಗಿಬಿಟ್ಟ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ತೋಜಾಯ್ ಮಾರ್ಗದ ಬೆಳಗಿನ ದಟ್ಟಣೆ ಕುಪ್ರಸಿದ್ಧ; 2019ರಲ್ಲಿ ಕಿಬಾ ನಿಲ್ದಾಣದ ಬಳಿ ಸಾಮರ್ಥ್ಯದ ಶೇಕಡಾ 199ರಷ್ಟು ಜನ ತುಂಬಿರುತ್ತಿದ್ದರು. ಈಗ ಅಷ್ಟಿಲ್ಲವಾದರೂ ಏಳೂವರೆಯಿಂದ ಒಂಬತ್ತರವರೆಗೆ ವಯಸ್ಸಾದವರನ್ನು ಕರೆದುಕೊಂಡು ನಗರದ ಕಡೆಗೆ ಹೊರಡಬಾರದು. ನಾವು ಒಂಬತ್ತೂವರೆಗೆ ಹೊರಡುತ್ತಿದ್ದೆವು, ಹೆಚ್ಚಿನ ದಿನಗಳಲ್ಲಿ ಕೂರಲು ಜಾಗ ಸಿಕ್ಕಿತು. ರಾತ್ರಿಯ ಕೊನೆಯ ರೈಲು ತಪ್ಪಿದರೆ ಟ್ಯಾಕ್ಸಿಗೆ ತೆರುವ ಹಣದಲ್ಲಿ ಕೋಣೆಯ ಉಳಿತಾಯ ಕರಗಿಹೋಗುತ್ತದೆ, ಆದ್ದರಿಂದ ತಡರಾತ್ರಿಯವರೆಗೆ ಪೇಟೆಯಲ್ಲಿ ಇರಬಯಸುವವರಿಗೆ ಇಂಥ ಬಡಾವಣೆ ಒಗ್ಗುವುದಿಲ್ಲ.

ಇನ್ನೊಂದು ಮಾತನ್ನು ನಮ್ಮವರಿಗೆ ಹೇಳಲೇಬೇಕು. ಒಂದು ರಾತ್ರಿ ಹನ್ನೊಂದರ ಮೇಲೆ ನಮ್ಮ ಮಹಡಿಯ ಓಣಿಯಲ್ಲಿ ನಮ್ಮ ದೇಶದ ಒಂದು ಗುಂಪು ಬಾಗಿಲುಗಳನ್ನು ತೆರೆದಿಟ್ಟುಕೊಂಡು ಜೋರಾಗಿ ಮಾತನಾಡುತ್ತಿತ್ತು. ಇಂಥ ಹೋಟೆಲುಗಳ ಗೋಡೆ ತೆಳು, ಅಕ್ಕಪಕ್ಕದಲ್ಲಿ ಮಲಗಿರುವವರು ಬೆಳಗ್ಗೆ ಆರಕ್ಕೆ ಎದ್ದು ಕೆಲಸಕ್ಕೆ ಹೋಗುವ ಜನ. ಬೆಳಗಿನ ಉಪಾಹಾರದ ಹೊತ್ತಿಗೆ ಕೆಲಸದ ಸಮವಸ್ತ್ರ ತೊಟ್ಟು, ಹೆಲ್ಮೆಟ್ಟನ್ನು ಕುರ್ಚಿಯ ಕೆಳಗಿಟ್ಟು, ಹತ್ತು ನಿಮಿಷದಲ್ಲಿ ತಿಂದು ತಟ್ಟೆಯನ್ನು ತಾವೇ ಒಯ್ದಿಟ್ಟು ಹೋಗುತ್ತಿದ್ದ ಗಂಡಸರನ್ನು ನಾನು ದಿನವೂ ನೋಡಿದ್ದೇನೆ. ಆ ಹೋಟೆಲು ಮೊದಲು ಅವರದು. ನಾವೂ ಅಲ್ಲಿ ಉಳಿಯಬಹುದು, ಆದರೆ ಅವರ ನಿದ್ದೆಗೆಡಿಸುವ ಹಕ್ಕು ನಮಗಿಲ್ಲ.

ಅಣ್ಣ ಈಗ ಅತ್ತಿಗೆ ಮಕ್ಕಳೊಂದಿಗೆ ಏಪ್ರಿಲ್‌ನಲ್ಲಿ ಹೊರಟಿದ್ದಾನೆ, ಅದೇ ಹೋಟೆಲಿನ ಹೆಸರು ಕೇಳಿದ, ಕೊಟ್ಟಿದ್ದೇನೆ. ಒಂದು ವಿಷಯವನ್ನು ಮಾತ್ರ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲು ಹೇಳಿದ್ದೇನೆ: ವಾಪಸು ಬರುವಾಗ 'ಕೈಸೊಕು' ಎಂದು ಫಲಕವಿರುವ ವೇಗದ ರೈಲು ಹತ್ತಬಾರದು. ಶನಿವಾರ ಮಧ್ಯಾಹ್ನ ನಾನು ಗಮನಿಸದೆ ಹತ್ತಿಬಿಟ್ಟೆ. ತೊಯೊಚೊ ದಾಟಿದ ಮೇಲೆ ಅದು ನಿಶಿ-ಕಸಾಯ್‌ನಲ್ಲಿ ನಿಲ್ಲದೆ, ನಮ್ಮ ಹೋಟೆಲಿನ ಫಲಕ ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದಂತೆ ಪಕ್ಕದ ಜಿಲ್ಲೆಯ ಉರಾಯಾಸುವಿಗೆ ಹೋಗಿ ನಿಂತಿತು. ಎದುರಿನ ಪ್ಲಾಟ್‌ಫಾರಂಗೆ ಹೋಗಿ, ಎಲ್ಲ ಕಡೆ ನಿಲ್ಲುವ ರೈಲಿನಲ್ಲಿ ಎರಡು ನಿಲ್ದಾಣ ಹಿಂದಕ್ಕೆ ಬಂದರೆ ಸರಿಹೋಗುತ್ತದೆ.