ಅವನ ಒಂದಿಂಚು

ಇದನ್ನು ಬರೆಯುವಾಗ ನನ್ನ ತಲೆಯಲ್ಲಿ 11 ಹೇರ್‌ಪಿನ್ ಇವೆ. ತುರುಬು ಮಾತ್ರ ಇಲ್ಲ. ಅಕ್ಕನ ಮಗನ ಮದುವೆ ಭಾನುವಾರ ಇತ್ತು. ಗುರುವಾರ ಸಲೂನಿಗೆ ಹೋಗಿ, "ತುದಿ ಸೀಳಿದೆ ಮಾರಾಯ, ಒಂದೇ ಒಂದು ಇಂಚು ತೆಗಿ, ಸಾಕು" ಅಂದಿದ್ದೆ. ತುರುಬು ಕಟ್ಟುವಷ್ಟಿದ್ದ ಕೂದಲು, ಎದ್ದು ಬರುವಾಗ ಹೆಗಲಿಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಈ ಊರಲ್ಲಿ ಅಳತೆಯ ವಿಷಯಕ್ಕೆ ಇಬ್ಬರನ್ನು ನಂಬಬಾರದು. ಗಾಂಧಿ ಬಜಾರಿನ ನಮ್ಮ ಹೂವಿನಮ್ಮನ ಮೊಳ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಮೊಳಕೈಯಿಂದ ಶುರು ಮಾಡಿ ಮಣಿಕಟ್ಟಿಗೇ ಮುಗಿಸಿಬಿಡುತ್ತಾಳೆ. ಕೇಳಿದರೆ, "ನನ್ ಕೈ ಇರೋದೇ ಅಷ್ಟಮ್ಮ" ಅನ್ನುತ್ತಾಳೆ. ನನ್ನ ಹೇರ್ ಸ್ಟೈಲಿಸ್ಟ್ ಹುಡುಗನ ಇಂಚು ಬೆಳೆಯುತ್ತಲೇ ಇದೆ. ಇವರಿಬ್ಬರೂ ಕೆಲಸ ಅದಲು ಬದಲು ಮಾಡಿಕೊಂಡಿದ್ದರೆ ನನ್ನ ತಲೆಯಲ್ಲಿ ಕೂದಲೂ ಇರುತ್ತಿತ್ತು, ಹೂವೂ ಇರುತ್ತಿತ್ತು.

"ಬೇರೆ ಕಡೆ ಹೋಗಬಾರದಾ?" ಅಂತ ನಮ್ಮ ಮನೆಯವರು ಕೇಳುತ್ತಾರೆ. ಹೋಗಬಹುದು. ಆದರೆ ಅಲ್ಲಿ ಯಾರೂ ನನ್ನ ಸೆರಗನ್ನು ತಿರುಗಿಸಿ ನೋಡುವುದಿಲ್ಲ.

ನಾಲ್ಕು ವರ್ಷದ ಹಿಂದೆ ಮೊದಲ ಸಲ ಅವನನ್ನು ನೋಡಿದಾಗ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಿದ್ದೆ. ಕಿವಿಗೆ ಎರಡು ರಿಂಗು, ಮಂಡಿ ಹರಿದ ಪ್ಯಾಂಟು, ನೀಲಿ ಕೂದಲು. ನೀಲಿ ಅಂದರೆ ಬಿಎಂಟಿಸಿ ಬಸ್ಸಿನ ನೀಲಿ. "ಹಾಯ್ ಮ್ಯಾಮ್" ಅಂತ ಕುತ್ತಿಗೆಗೆ ಬಟ್ಟೆ ಸುತ್ತಲು ಬಂದವನು ಹಾಗೇ ನಿಂತುಬಿಟ್ಟ. ಅವತ್ತು ನಾನು ಇಳಕಲ್ ಸೀರೆ ಉಟ್ಟಿದ್ದೆ. "ಒಂದ್ ನಿಮಿಷ" ಅಂದವನೇ ಸೆರಗಿನ ತುದಿ ಹಿಡಿದು ಒಳಮೈ ತಿರುಗಿಸಿ ನೋಡಿದ. ಮ್ಯಾಮ್ ಎಲ್ಲೋ ಹಾರಿಹೋಯಿತು.

"ಅಕ್ಕಾರ, ಇದನ್ನ ಎಲ್ಲಿ ತಗೊಂಡ್ರಿ? ಕೊಂಡೀನ ಇಲ್ಲಲ್ರೀ ಇದಕ್ಕ!"

ಕೈಮಗ್ಗದ್ದು ಅಂತ ಎಕ್ಸಿಬಿಷನ್‌ನಲ್ಲಿ ಕೊಂಡು ಊರೆಲ್ಲಾ ಹೇಳಿಕೊಂಡು ತಿರುಗಿದ್ದ ಸೀರೆ ಅದು. ಅವನು ಕತ್ತರಿ ಹಿಡಿದುಕೊಂಡೇ ಪಾಠ ಶುರು ಮಾಡಿದ. ಅಸಲಿ ಇಳಕಲ್‌ನಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಗೆ ಸಿಕ್ಕಿಸಿ ಸೇರಿಸಬೇಕು. ಅದೇ ಕೊಂಡಿ. ಹುಡುಗನ ಊರೇ ಇಳಕಲ್ಲು. ಮನೆಯಲ್ಲಿ ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಪ್ಪ ನೇಯುವುದು, ಅವ್ವ ಮತ್ತು ಮಕ್ಕಳು ಕೊಂಡಿ ಹಾಕುವುದು. ನನ್ನ ಅಮ್ಮನ ತವರು ಧಾರವಾಡ. ಇಷ್ಟು ವರ್ಷ ಇಳಕಲ್ ಉಟ್ಟು ಓಡಾಡಿದ ನನಗೆ ಸೆರಗನ್ನು ತಿರುಗಿಸಿ ನೋಡಬೇಕು ಅಂತ ಈ ನೀಲಿತಲೆಯವನು ಹೇಳಬೇಕಾಯಿತು!

ಅಲ್ಲಿಂದ ಶುರುವಾಯಿತು ನಮ್ಮ ಸ್ನೇಹ. ಎಲ್ಲರೂ ಸಲೂನಿಗೆ ಹಳೇ ಬಟ್ಟೆ ಹಾಕಿಕೊಂಡು ಹೋದರೆ, ನಾನು ಮೊಳಕಾಲ್ಮೂರು ರೇಷ್ಮೆ ಉಟ್ಟು ಹೋಗುತ್ತೇನೆ. ಅವನು ಗುಳೇದಗುಡ್ಡದ ಖಣದಲ್ಲಿ ಶರ್ಟು ಹೊಲಿಸಿಕೊಂಡು ಫೋಟೋ ಕಳಿಸಿದ. ನಮ್ಮ ಅತ್ತೆ ಅದನ್ನು ನೋಡಿ, "ಪಾಪ, ಆ ಹುಡುಗನಿಗೆ ರವಿಕೆ ಬಟ್ಟೆ ಯಾರು ಕೊಟ್ಟರು?" ಅಂದರು. ಮೈಸೂರು ಸಿಲ್ಕಿನ ಬಗ್ಗೆ ಜಗಳವೂ ಆಗಿದೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದಿದ್ದವು ಅಂತ ನಾನು ಜೋರು ಮಾಡಿದೆ. "ಅದನ್ನ ನಾನೂ ಹೇಳಾಕತ್ತೀನ್ರೀ. ಅದು ಮಷೀನ್ ಸೀರಿ!" ಅಂದ. ಕಚಕ್.

ಆ ಕಚಕ್ ಇದೆಯಲ್ಲ, ಅದೇ ನನ್ನ ಗೋಳು. ಅವನಿಗೆ ಬಾಯಿಂದ ಮಾತ್ರ ಮಾತಾಡಲು ಬರುವುದಿಲ್ಲ. ಪೂರ್ಣವಿರಾಮ ಇಡುವುದು ಕತ್ತರಿ. ಬೇಸರದಲ್ಲಿದ್ದ ದಿನ ಚೆನ್ನಾಗಿಯೇ ಕತ್ತರಿಸುತ್ತಾನೆ. ಖುಷಿಯಾದರೆ ನನ್ನ ಕಥೆ ಮುಗಿಯಿತು.

ಇದೆಲ್ಲಾ ಗೊತ್ತಿದ್ದೂ ಗುರುವಾರ ನಾನೇ ಅಮ್ಮನ ಹಳೇ ಚಂದ್ರಕಾಳಿ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಕರೀ ಒಡಲು, ಮೇಲೆಲ್ಲಾ ಕಸೂತಿ. ಅಮ್ಮನ ಮದುವೆಯದ್ದು. ನನ್ನ ತೊಡೆಯ ಮೇಲೆ ಹರಡಿಟ್ಟುಕೊಂಡೆ. ಅವನು ಹಿಂದಿನಿಂದ ಬಗ್ಗಿ ನೋಡಿದ.

"ಗವಂತಿ ನೋಡ್ರೀ, ಎರಡೂ ಕಡೆ ಒಂದ ಥರ!" ಕಚಕ್.

"ಇದು ಮುರ್ಗಿ, ಮೆಟ್ಟಲಾ ಮೆಟ್ಟಲಾ ಹೋಗತೈತಿ." ಕಚಕ್.

"ನೇಯ್ಗಿ ಅಂದ್ರ ನೇಯ್ದಂಗ ಕಾಣಬೇಕ್ರೀ." ಕಚಕ್.

"ಮೆಂತಿ! ಈಗ ಯಾರು ಇಷ್ಟ್ ಸಣ್ಣಗೆ ಹಾಕ್ತಾರ್ರೀ!" ಕಚಕ್, ಕಚಕ್.

ಕಸೂತಿಯಲ್ಲಿ ನಾಲ್ಕೇ ಥರದ ಹೊಲಿಗೆ ಇರುವುದು ನನ್ನ ಪುಣ್ಯ. ಇನ್ನೊಂದಿದ್ದರೆ ಕಿವಿಯೂ ಹೋಗುತ್ತಿತ್ತು. ಕೊನೆಗೆ ಸೀರೆಯ ಹಿಂಬದಿ ತಿರುಗಿಸಿ, "ಒಂದೂ ಗಂಟಿಲ್ಲ ನೋಡ್ರೀ ಅಕ್ಕಾರ" ಅಂದ. ಕನ್ನಡಿ ನೋಡಿದೆ. ನನ್ನ ತಲೆಯಲ್ಲೂ ಇನ್ನು ಗಂಟು ಕಟ್ಟುವ ಹಾಗಿರಲಿಲ್ಲ.

ಬೈಯಬೇಕು ಅಂತಲೇ ಬಾಯಿ ತೆರೆದೆ. ಆದರೆ ಅವನು ಕತ್ತರಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಸೆರಗು ಸೇರುವ ಜಾಗದಲ್ಲಿ ಹೆಬ್ಬೆರಳು ಆಡಿಸುತ್ತಿದ್ದ. ಅಲ್ಲಿ ಎರಡು ಎಳೆ ಬಿಟ್ಟಿತ್ತು. ಅಪ್ಪನಿಗೆ ಈಗ ಕುಣಿಯೊಳಗೆ ಇಳಿಯಲು ಮೊಣಕಾಲು ಬಗ್ಗುವುದಿಲ್ಲವಂತೆ. ಮಗ್ಗದ ಮೇಲೆ ಹಾಸಿಗೆ ಮಡಚಿ ಇಟ್ಟಿದ್ದಾರಂತೆ. "ಅವ್ವ ಮಾತ್ರ ಟಿವಿ ನೋಡ್ಕೋತ ಸುಮ್ನ ಬೆರಳ ಹೊಸೀತಿರ್ತಾಳ್ರೀ, ಎಳಿ ಇಲ್ಲದನ" ಅಂದ. ಅಮ್ಮ ಕೊನೇ ದಿನಗಳಲ್ಲಿ ಹಾಸಿಗೆಯ ಅಂಚನ್ನು ಹೀಗೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೈಗುಳ ಒಳಗೇ ಉಳಿಯಿತು. ಮೇಲೆ ಟಿಪ್ಸ್ ಬೇರೆ ಕೊಟ್ಟು ಬಂದೆ.

ಮದುವೆಯಲ್ಲಿ ಏನಾಯಿತು ಅಂತ ಉದ್ದಕ್ಕೆ ಹೇಳುವುದಿಲ್ಲ. ಹೂವಿನಮ್ಮನ ಕುಳ್ಳ ಮೊಳದ ಎರಡು ಮೊಳ ಮಲ್ಲಿಗೆಯನ್ನು ಇಲ್ಲದ ತುರುಬಿಗೆ ಪಿನ್ನುಗಳಿಂದ ಜಡಿದುಕೊಂಡಿದ್ದೆ. ಗಟ್ಟಿಮೇಳ ಶುರುವಾಯಿತು. ಅಕ್ಷತೆ ಹಾಕಲು ಕೈ ಬೀಸಿದೆ. ಅಕ್ಷತೆಗಿಂತ ಮುಂಚೆ ಮಲ್ಲಿಗೆ ಹೊರಟಿತು. ಮುಂದಿನ ಸಾಲಿನಲ್ಲಿದ್ದ ಹೆಣ್ಣಿನ ಕಡೆಯ ಹಿರಿಯರೊಬ್ಬರ ಹೆಗಲಿಗೆ ಬಂದು ಬಿತ್ತು. ಅವರು ಇದೂ ಒಂದು ಮರ್ಯಾದೆ ಅಂದುಕೊಂಡು ಕೈಮುಗಿದರು. ಊಟ ಮುಗಿಯುವವರೆಗೂ ಅದನ್ನು ಹೆಗಲಿಂದ ತೆಗೆಯಲಿಲ್ಲ. ವಾಪಸ್ ಕೇಳಲು ನನಗೆ ಮುಖವಿರಲಿಲ್ಲ.

ಇನ್ನು ಆ ಸಲೂನಿನ ಮೆಟ್ಟಿಲು ಹತ್ತುವುದಿಲ್ಲ ಅಂತ ಇವತ್ತು ಬೆಳಿಗ್ಗೆ ಮನೆಯವರ ಮುಂದೆ ಶಪಥ ಮಾಡಿದೆ. ಅರ್ಧ ಗಂಟೆಗೆ ಅವನ ವಾಯ್ಸ್ ಮೆಸೇಜ್ ಬಂತು.

"ಅಕ್ಕಾರ, ಮುಂದಿನ ವಾರ ಅವ್ವ ಬರಾಕತ್ತಾಳ್ರೀ. ನಿಮ್ಮ ಚಂದ್ರಕಾಳಿ ನೋಡಬೇಕಂತ. ತಗೊಂಡ ಬರ್ರಿ. ಮತ್ತ ಹಿಂದ ಸ್ವಲ್ಪ ಏರಪೇರ ಆಗೈತಿ. ಒಂದ ಇಂಚು ತಗದ ಬಿಡ್ತೀನಿ."

ಸೀರೆಯನ್ನು ಬಿಸಿಲಿಗೆ ಹರವಿದ್ದೇನೆ.